ತೆರೆದ ಬಾಗಿಲಿನ ಪರಂಪರೆ

ಹಳೆಯ ಮುಂಬಯಿ ಪ್ರಾಂತಕ್ಕೆ ಸೇರಿದ್ದ ಕನ್ನಡ ಜಿಲ್ಲೆಗಳ ಊರುಗಳಲ್ಲಿ ಸಂಚರಿಸುವವರ ಕಣ್ಣಿಗೆ ಅಲ್ಲಲ್ಲಿ ಒಂದು ಬಗೆಯ ಹಳೆಯ ಕಟ್ಟಡ ಬೀಳುತ್ತದೆ. ಕಲ್ಲಿನ ಗೋಡೆ, ಹಂಚಿನ ಮಾಡು, ಉದ್ದನೆಯ ಪಡಸಾಲೆ, ಅಂಗಳದಲ್ಲಿ ಬೇವಿನ ಮರ, ತೊಲೆಗೆ ತೂಗುಹಾಕಿದ ಗಂಟೆ. ಬಾಗಿಲ ಮೇಲಿನ ಹಲಗೆಯಲ್ಲಿ ‘ಸರಕಾರಿ ಕನ್ನಡ ಗಂಡು ಮಕ್ಕಳ ಶಾಲೆ’ ಎಂದು ಬರೆದಿರುತ್ತದೆ. ಜಮಖಂಡಿ, ಮುಧೋಳ, ಬೀಳಗಿ, ರಬಕವಿ-ಬನಹಟ್ಟಿಗಳ ಸೀಮೆಯಲ್ಲಿ ಈ ಹೆಸರು ಮನೆಮನೆಗೂ ಪರಿಚಿತವಾದುದು. ಅಜ್ಜ ಅಲ್ಲಿ ಕಲಿತಿರುತ್ತಾನೆ, ಅಪ್ಪ ಅಲ್ಲಿ ಕಲಿತಿರುತ್ತಾನೆ, ಮೊಮ್ಮಗನೂ ಅಲ್ಲಿಯೇ ಪಾಟಿ ಹಿಡಿದು ಕುಳಿತಿರುತ್ತಾನೆ. ಈಗ ಅನೇಕ ಕಡೆಗಳಲ್ಲಿ ಮೊಮ್ಮಗಳೂ ಅವನ ಪಕ್ಕದಲ್ಲಿ ಕುಳಿತಿದ್ದಾಳೆ. ಹಲಗೆಯ ಮೇಲಿನ ಅಕ್ಷರಗಳು ಮಾತ್ರ ಹಾಗೆಯೇ ಇವೆ.

ಈ ಹಲಗೆಯನ್ನು ಕಂಡಾಗ ಒಂದು ಪ್ರಶ್ನೆ ಏಳುತ್ತದೆ. ಇಂಥ ಶಾಲೆಯ ಪರಂಪರೆ ಯಾವುದು? ಅದರಲ್ಲಿ ಉಳಿಸಿಕೊಳ್ಳಬೇಕಾದುದು ಏನು, ಬಿಡಬೇಕಾದುದು ಏನು? ಪರಂಪರೆ ಎಂದೊಡನೆ ನಮಗೆ ವಾರ್ಷಿಕ ಸ್ನೇಹಸಮ್ಮೇಳನ, ಶತಮಾನೋತ್ಸವದ ಮೆರವಣಿಗೆ, ಗೋಡೆಯ ಮೇಲಿನ ಹಳೆಯ ಮುಖ್ಯಾಧ್ಯಾಪಕರ ಭಾವಚಿತ್ರಗಳು ನೆನಪಾಗುತ್ತವೆ. ಇವೆಲ್ಲ ಪರಂಪರೆಯ ಉಡುಗೆ ತೊಡುಗೆಗಳೇ ಹೊರತು ಪರಂಪರೆಯ ದೇಹವಲ್ಲ, ಪ್ರಾಣವಂತೂ ಅಲ್ಲ. ಒಂದು ಸಾರ್ವಜನಿಕ ಶಾಲೆಯ ನಿಜವಾದ ಪರಂಪರೆಯನ್ನು ಅಳೆಯುವ ಮಾನ ಬೇರೆಯೇ ಇದೆ. ಆ ಶಾಲೆಯ ಬಾಗಿಲು ಯಾರು ಯಾರಿಗಾಗಿ, ಯಾವ ಯಾವ ಕಾಲದಲ್ಲಿ ತೆರೆಯಿತು ಎಂಬುದೇ ಆ ಮಾನ. ಇದು ನನ್ನ ಅಭಿಪ್ರಾಯ. ಇದನ್ನು ಒಪ್ಪುವ ಮುನ್ನ ನೀವು ಇತಿಹಾಸವನ್ನು ಸ್ವಲ್ಪ ಪರಿಶೀಲಿಸಬೇಕು.

‘ಸಾರ್ವಜನಿಕ’ ಎಂಬ ಮಾತಿನಿಂದಲೇ ಆರಂಭಿಸೋಣ. ಇಂಗ್ಲೆಂಡಿನಲ್ಲಿ ‘ಪಬ್ಲಿಕ್ ಸ್ಕೂಲ್’ ಎಂದು ಕರೆಯುವ ಕೆಲವು ಪ್ರಸಿದ್ಧ ಶಾಲೆಗಳಿವೆ. ವಿಂಚೆಸ್ಟರ್ ಶಾಲೆ 1382ರಲ್ಲಿ ಸ್ಥಾಪನೆಯಾಯಿತು. ಈಟನ್ ಶಾಲೆಯನ್ನು ಆರನೆಯ ಹೆನ್ರಿ ದೊರೆ 1440ರಲ್ಲಿ ಸ್ಥಾಪಿಸಿದನು. ಎಪ್ಪತ್ತು ಮಂದಿ ಬಡ ಹುಡುಗರಿಗೆ ಉಚಿತವಾಗಿ ವಿದ್ಯೆ ಕೊಡಬೇಕೆಂಬುದು ಅವನ ಸಂಕಲ್ಪವಾಗಿತ್ತು. ಕಾಲ ಉರುಳಿದಂತೆ ಅದು ಶ್ರೀಮಂತರ ಮತ್ತು ಅಧಿಕಾರಸ್ಥರ ಮಕ್ಕಳ ಶಾಲೆಯೆಂದೇ ಹೆಸರಾಯಿತು. ಉಡುಪು ಉಳಿಯಿತು, ಆಟಗಳು ಉಳಿದವು, ಹಿರಿಯ ವಿದ್ಯಾರ್ಥಿಗಳು ಕಿರಿಯರ ಮೇಲೆ ನಡೆಸುವ ಅಧಿಕಾರದ ಪದ್ಧತಿ ಬಹುಕಾಲ ಉಳಿಯಿತು. ಬಡವನ ಮಗನಿಗಾಗಿ ಬಾಗಿಲು ತೆರೆಯಬೇಕೆಂಬ ಮೂಲ ಸಂಕಲ್ಪ ಮಾತ್ರ ಹಿಂದೆ ಸರಿಯಿತು. ಹೊರಗಿನ ಆಚರಣೆಗಳನ್ನು ಶ್ರದ್ಧೆಯಿಂದ ಕಾಯ್ದುಕೊಂಡು ಒಳಗಿನ ಉದ್ದೇಶವನ್ನು ಮರೆಯುವುದು ಸಾಧ್ಯ ಎಂಬುದಕ್ಕೆ ಇದೊಂದು ನಿದರ್ಶನ. ನಮ್ಮ ಊರಿನ ಸರಕಾರಿ ಶಾಲೆಗೆ ಈಟನ್ನಿನ ವೈಭವವಿಲ್ಲ. ಆದರೆ ‘ಸಾರ್ವಜನಿಕ’ ಎಂಬ ವಿಶೇಷಣಕ್ಕೆ ಅದೇ ಹೆಚ್ಚು ಅರ್ಹವಾದುದು.

ಸರಕಾರಿ ಶಾಲೆ ಬರುವುದಕ್ಕೆ ಮುಂಚೆಯೂ ನಮ್ಮಲ್ಲಿ ವಿದ್ಯೆ ಇತ್ತು. ಐಗಳು ಮಠದಲ್ಲಿಯೋ ಗುಡಿಯ ಜಗಲಿಯ ಮೇಲೆಯೋ ಸಿರಿವಂತರ ಪಡಸಾಲೆಯಲ್ಲಿಯೋ ಹುಡುಗರನ್ನು ಕೂಡಿಸಿಕೊಂಡು ಓದು ಬರಹ ಕಲಿಸುತ್ತಿದ್ದರು. ಇವನ್ನು ಮುಂದೆ ‘ಗಾವಠಿ ಶಾಲೆ’ಗಳೆಂದು ಕರೆದರು. ಮರಳಿನ ಮೇಲೆ ಬೆರಳಿನಿಂದ ಅಕ್ಷರ ತಿದ್ದುವುದು, ಗಟ್ಟಿಯಾದ ದನಿಯಲ್ಲಿ ಮಗ್ಗಿ ಒಪ್ಪಿಸುವುದು, ಕಾಲು ಅರೆ ಮುಕ್ಕಾಲುಗಳ ಲೆಕ್ಕವನ್ನು ಬಾಯಿಪಾಠ ಮಾಡುವುದು, ಇದು ಅಲ್ಲಿಯ ಕ್ರಮ. ಐಗಳಿಗೆ ಸಂಬಳವೆಂದು ಸಿಗುತ್ತಿದ್ದುದು ಕಾಳುಕಡಿ. ಮಾನವಮಿಯ ಹೊತ್ತಿಗೆ ಅವರು ಹುಡುಗರನ್ನು ಕರೆದುಕೊಂಡು ಮನೆಮನೆಗೆ ಹೋಗಿ ಚೌಪದಗಳನ್ನು ಹಾಡಿಸುವ ರೂಢಿ ಕನ್ನಡ ನಾಡಿನ ಅನೇಕ ಭಾಗಗಳಲ್ಲಿತ್ತು. ಈ ಶಾಲೆಗಳು ಮಾಡಿದ ಉಪಕಾರವನ್ನು ಅಲ್ಲಗಳೆಯಲಾಗದು. ಲೆಕ್ಕಪತ್ರ ಬಲ್ಲ ವ್ಯಾಪಾರಿಗಳನ್ನೂ ಪುರಾಣ ಓದಬಲ್ಲ ಗೃಹಸ್ಥರನ್ನೂ ಅವು ತಯಾರುಮಾಡಿದವು. ಆದರೆ ಆ ಜಗಲಿಯನ್ನು ಹತ್ತುವ ಅವಕಾಶ ಎಲ್ಲರಿಗೂ ಇರಲಿಲ್ಲ. ಕೂಲಿಯವನ ಮಗನೂ ಹೊಲಗೇರಿಯ ಹುಡುಗನೂ ಅಲ್ಲಿ ಕಾಣುತ್ತಿರಲಿಲ್ಲ. ಹೆಣ್ಣು ಮಗಳು ಕಾಣುವುದಂತೂ ಬಲು ವಿರಳವಾಗಿತ್ತು.

ಅವಕಾಶ ದೊರೆತರೆ ಯಾವ ಮನೆಯಿಂದ ಎಂಥ ಪ್ರತಿಭೆ ಹೊರಡಬಲ್ಲದೆಂಬುದಕ್ಕೆ ಈ ಸೀಮೆಯಲ್ಲಿಯೇ ಪ್ರಾಚೀನವಾದ ಸಾಕ್ಷಿಯಿದೆ. ಕವಿ ರನ್ನ ಕ್ರಿ.ಶ. 949ರಲ್ಲಿ ಮುದುವೊಳಲಿನಲ್ಲಿ, ಎಂದರೆ ಇಂದಿನ ಮುಧೋಳದಲ್ಲಿ ಹುಟ್ಟಿದನು. ಅವನದು ಬಳೆಗಾರರ ಮನೆತನ. ತಂದೆ ಜಿನವಲ್ಲಭ, ತಾಯಿ ಅಬ್ಬಲಬ್ಬೆ. ಬಳೆಯ ಮಲಾರವನ್ನು ಹೊತ್ತು ಊರೂರು ತಿರುಗಬೇಕಾಗಿದ್ದ ಹುಡುಗ ವಿದ್ಯೆಯ ಹಂಬಲದಿಂದ ದೂರ ಹೋಗಿ, ಅಜಿತಸೇನಾಚಾರ್ಯರಂಥ ಗುರುಗಳನ್ನು ಪಡೆದು, ಕೊನೆಗೆ ಚಾಲುಕ್ಯ ಚಕ್ರವರ್ತಿ ತೈಲಪನ ಆಸ್ಥಾನದಲ್ಲಿ ಕವಿಚಕ್ರವರ್ತಿ ಎನಿಸಿದನು. ಆ ಗುರು ಬಳೆಗಾರನ ಮಗನಿಗೆ ಬಾಗಿಲು ತೆರೆಯದೆ ಹೋಗಿದ್ದರೆ ಕನ್ನಡಕ್ಕೆ ‘ಗದಾಯುದ್ಧ’ ದೊರೆಯುತ್ತಿರಲಿಲ್ಲ. ರನ್ನನಿಗೆ ಗುರು ಸಿಕ್ಕನು. ಗುರು ಸಿಗದೆ, ಶಾಲೆ ಸಿಗದೆ ಮಲಾರ ಹೊತ್ತುಕೊಂಡೇ ಮಣ್ಣಾದ ರನ್ನರು ಎಷ್ಟು ಮಂದಿಯೋ! ಅದೃಷ್ಟವಂತನಾದ ಒಬ್ಬನಿಗೆ ದೊರೆತುದು ಪ್ರತಿಯೊಬ್ಬನಿಗೂ ಹಕ್ಕಿನಿಂದ ದೊರೆಯಬೇಕು ಎಂಬುದೇ ಸಾರ್ವಜನಿಕ ಶಾಲೆಯ ಮೂಲ ತತ್ತ್ವವಾಗಿದೆ.

ಈ ತತ್ತ್ವ ಒಮ್ಮೆಲೇ ಆಚರಣೆಗೆ ಬರಲಿಲ್ಲ. ಬಾಗಿಲುಗಳು ಒಂದೊಂದಾಗಿ ತೆರೆದವು. ತೆರೆಯಬೇಕಾದ ಮೊದಲ ಬಾಗಿಲು ಭಾಷೆಯದು. 1818ರಲ್ಲಿ ಪೇಶವೆಯರ ಆಳ್ವಿಕೆ ಮುಗಿದು ಈ ಭಾಗ ಇಂಗ್ಲಿಷರ ವಶವಾದಾಗ ಆಡಳಿತದಲ್ಲಿ ಮರಾಠಿಯೇ ನಡೆಯುತ್ತಿತ್ತು. ಶಾಲೆಗಳಲ್ಲಿಯೂ ಬಹುಮಟ್ಟಿಗೆ ಅದೇ ಭಾಷೆ. ಮನೆಯಲ್ಲಿ ಕನ್ನಡವಾಡುವ ಹುಡುಗ ಶಾಲೆಯಲ್ಲಿ ಅಕ್ಷರದ ಜೊತೆಗೆ ಬೇರೊಂದು ನುಡಿಯನ್ನೂ ಕಲಿಯಬೇಕಾಗಿತ್ತು. 1854ರ ವುಡ್ ಅವರ ಶಿಕ್ಷಣ ಪತ್ರದ ತರುವಾಯ ಪ್ರಾಂತಗಳಲ್ಲಿ ವಿದ್ಯಾ ಇಲಾಖೆಗಳು ರೂಪುಗೊಂಡವು. ಅಲ್ಲಿಂದಾಚೆ ಉತ್ತರ ಕರ್ನಾಟಕದಲ್ಲಿ ಕನ್ನಡ ಶಾಲೆಗಳಿಗಾಗಿ ದುಡಿದವರಲ್ಲಿ ಡೆಪ್ಯುಟಿ ಚನ್ನಬಸಪ್ಪನವರ ಹೆಸರು ಮೊದಲನೆಯದು. ಧಾರವಾಡದ ನಾರ್ಮಲ್ ಸ್ಕೂಲಿನ ಮುಖ್ಯಾಧ್ಯಾಪಕರಾಗಿ, ಮುಂದೆ ಬೆಳಗಾವಿ ಜಿಲ್ಲೆಯ ಶಿಕ್ಷಣಾಧಿಕಾರಿಗಳಾಗಿ ಅವರು ಹಳ್ಳಿಹಳ್ಳಿಗಳಲ್ಲಿ ಕನ್ನಡ ಶಾಲೆಗಳು ತಲೆಯೆತ್ತುವಂತೆ ಮಾಡಿದರು. ಆ ಶಾಲೆಗಳಿಗೆ ಬೇಕಾದ ಮಾಸ್ತರರನ್ನು ತರಬೇತು ಮಾಡಿದರು, ಪುಸ್ತಕಗಳನ್ನು ಬರೆದರು, ಬರೆಯಿಸಿದರು. ಷೇಕ್ಸ್‌ಪಿಯರನ ನಾಟಕವೊಂದನ್ನು ‘ನಗದವರನ್ನು ನಗಿಸುವ ಕಥೆ’ ಎಂಬ ಹೆಸರಿನಿಂದ ಕನ್ನಡಕ್ಕೆ ತಂದವರೂ ಅವರೇ. 1881ರಲ್ಲಿ ಅವರು ಕಾಲವಾದಾಗ ಕನ್ನಡದ ಹುಡುಗ ಕನ್ನಡದಲ್ಲಿಯೇ ಕಲಿಯುವುದು ಸಹಜವೆಂಬ ಭಾವನೆ ಬೇರೂರತೊಡಗಿತ್ತು. 1890ರಲ್ಲಿ ಧಾರವಾಡದಲ್ಲಿ ಕರ್ನಾಟಕ ವಿದ್ಯಾವರ್ಧಕ ಸಂಘ ಹುಟ್ಟಿದುದು ಇದೇ ಭಾವನೆಯ ಮುಂದುವರಿಕೆಯಾಗಿ. ಇಂದು ನಮ್ಮ ಶಾಲೆಯ ಹಲಗೆಯ ಮೇಲೆ ‘ಕನ್ನಡ’ ಎಂಬ ಪದ ಇರುವುದು ಆಕಸ್ಮಿಕವಲ್ಲ. ಒಂದು ತಲೆಮಾರಿನ ಪರಿಶ್ರಮ ಆ ಪದದ ಹಿಂದಿದೆ.

ಎರಡನೆಯ ಬಾಗಿಲು ಇನ್ನೂ ಭಾರವಾದುದು. ಅದು ಜಾತಿಯ ಬಾಗಿಲು. 1856ರಲ್ಲಿ ಧಾರವಾಡದ ಸರಕಾರಿ ಶಾಲೆಗೆ ಮಹಾರ ಜಾತಿಯ ಒಬ್ಬ ಹುಡುಗನು ತನ್ನನ್ನು ಸೇರಿಸಿಕೊಳ್ಳಬೇಕೆಂದು ಕೇಳಿಕೊಂಡನು. ಶಾಲೆ ಅವನನ್ನು ಸೇರಿಸಿಕೊಳ್ಳಲಿಲ್ಲ. ಹುಡುಗ ಸುಮ್ಮನಾಗಲಿಲ್ಲ, ವಿಷಯ ಮುಂಬಯಿ ಸರಕಾರದವರೆಗೂ ಹೋಯಿತು. ನ್ಯಾಯ ಹುಡುಗನ ಕಡೆಗಿದೆ ಎಂಬುದನ್ನು ಸರಕಾರ ಒಪ್ಪಿಕೊಂಡಿತು. ಆದರೆ ಅವನೊಬ್ಬನನ್ನು ಸೇರಿಸಿಕೊಂಡರೆ ಉಳಿದವರೆಲ್ಲ ಶಾಲೆ ಬಿಟ್ಟಾರು ಎಂಬ ಭಯದಿಂದ ಹಿಂಜರಿಯಿತು. ನ್ಯಾಯವನ್ನು ಕಂಡೂ ಅದನ್ನು ನಡೆಸಲು ಅಂಜಿದ ಸರಕಾರದ ಚಿತ್ರ ಇದು! ಈ ಪ್ರಕರಣ ವಿಲಾಯತಿಯ ಡೈರೆಕ್ಟರರ ಸಭೆಯವರೆಗೂ ಮುಟ್ಟಿತು. ಸರಕಾರದ ಹಣದಿಂದ ನಡೆಯುವ ಶಾಲೆ ಯಾವ ಜಾತಿಯ ಹುಡುಗನಿಗೂ ಮುಚ್ಚಿರಕೂಡದು ಎಂಬ ನಿಯಮ 1858ರಲ್ಲಿ ಸ್ಥಿರವಾಯಿತು. 1882ರ ಹಂಟರ್ ಆಯೋಗ ಅದೇ ತತ್ತ್ವವನ್ನು ಮತ್ತೊಮ್ಮೆ ಸಾರಬೇಕಾಯಿತು. ಸಾರಿದ್ದನ್ನೇ ಮತ್ತೆ ಸಾರಬೇಕಾದರೆ ಅದು ಆಚರಣೆಗೆ ಬಂದಿರಲಿಲ್ಲ ಎಂದೇ ಅರ್ಥ. ಮುಂದೆ ಸಂವಿಧಾನ ಶಿಲ್ಪಿಯಾದ ಅಂಬೇಡಕರರು ಸಾತಾರೆಯ ಶಾಲೆಯಲ್ಲಿ ಗೋಣಿತಟ್ಟನ್ನು ಮನೆಯಿಂದ ತಂದು ಬೇರೆಯಾಗಿ ಕುಳಿತು ಕಲಿಯಬೇಕಾಯಿತು. ಅದು ಧಾರವಾಡದ ಆ ಹುಡುಗನ ಕಾಲಕ್ಕಿಂತ ನಾಲ್ಕು ದಶಕಗಳ ತರುವಾಯದ ಸಂಗತಿ.

ಆ ಹುಡುಗನ ಅರ್ಜಿಯನ್ನು ವಿರೋಧಿಸಿದವರು ಯಾವ ಮಾತನ್ನು ಆಡಿರಬಹುದೆಂದು ಊಹಿಸುವುದು ಕಷ್ಟವಲ್ಲ. ‘ಇದು ನಮ್ಮಲ್ಲಿ ನಡೆದುಬಂದ ಪದ್ಧತಿಯಲ್ಲ’ ಎಂಬುದೇ ಆ ಮಾತು. ಇಲ್ಲಿ ನಾವು ಒಂದು ಕ್ಷಣ ನಿಂತು ಯೋಚಿಸಬೇಕು. ಅಂದು ಪರಂಪರೆಯ ಪಕ್ಷ ವಹಿಸಿದವರು ಬಾಗಿಲಲ್ಲಿ ಅಡ್ಡ ನಿಂತವರೋ, ಒಳಗೆ ಬರಲು ಕೈಚಾಚಿದ ಹುಡುಗನೋ? ನೂರಾರು ವರ್ಷ ದಾಟಿ ಬಂದು ನೋಡಿದರೆ ಉತ್ತರ ಸ್ಪಷ್ಟವಾಗಿದೆ. ಅಡ್ಡ ನಿಂತವರ ಹಠ ಶಾಲೆಯ ಪರಂಪರೆಯಾಗಲಿಲ್ಲ. ಹುಡುಗನ ಅರ್ಜಿಯೇ ಪರಂಪರೆಯಾಯಿತು. 1950ರಲ್ಲಿ ಜಾರಿಗೆ ಬಂದ ನಮ್ಮ ಸಂವಿಧಾನದ 29ನೆಯ ವಿಧಿ ಅದಕ್ಕೆ ಮುದ್ರೆ ಒತ್ತಿತು.

ಇನ್ನು ಸಂಸ್ಥಾನಗಳ ಕಡೆಗೆ ನೋಡೋಣ. ಇಂದು ಒಂದೇ ಬಾಗಲಕೋಟೆ ಜಿಲ್ಲೆಯೊಳಗಿರುವ ಈ ಊರುಗಳು ಆಗ ಬೇರೆ ಬೇರೆ ಧ್ವಜಗಳ ಕೆಳಗಿದ್ದವು. ಜಮಖಂಡಿಯಲ್ಲಿ ಪಟವರ್ಧನರು, ಮುಧೋಳದಲ್ಲಿ ಘೋರ್ಪಡೆಯವರು ಆಳುತ್ತಿದ್ದರು. ರಬಕವಿ ಸಾಂಗಲಿ ಸಂಸ್ಥಾನಕ್ಕೆ ಸೇರಿತ್ತು. ಬೀಳಗಿಯ ಸೀಮೆ ಇಂಗ್ಲಿಷರ ಮುಲುಕು. ಜಮಖಂಡಿ, ಮುಧೋಳಗಳು 1948ರಲ್ಲಿ ಮುಂಬಯಿ ಪ್ರಾಂತದಲ್ಲಿ ವಿಲೀನವಾದವು. 1956ರಲ್ಲಿ ಈ ಭಾಗವೆಲ್ಲ ವಿಶಾಲ ಮೈಸೂರು ರಾಜ್ಯಕ್ಕೆ ಬಂದು ಸೇರಿತು. ಅರಸರ ದರಬಾರಿನ ನುಡಿ ಮರಾಠಿಯಾಗಿದ್ದರೂ ವಿದ್ಯೆಯ ವಿಷಯದಲ್ಲಿ ಪಟವರ್ಧನ ಮನೆತನ ಔದಾರ್ಯ ತೋರಿತು. ಜಮಖಂಡಿಯ ಪರಶುರಾಮಭಾವು ಹಾಯಸ್ಕೂಲು ಅವರ ಹೆಸರನ್ನು ಇಂದಿಗೂ ಹೇಳುತ್ತಿದೆ. ಪುಣೆಯ ಸರ್ ಪರಶುರಾಮಭಾವು ಕಾಲೇಜಿಗೆ ಆ ಹೆಸರು ಬಂದುದೂ ಇದೇ ಮನೆತನದ ದಾನದಿಂದ.

ಸುತ್ತಲಿನ ಹಳ್ಳಿಗಳ ಹುಡುಗರಿಗೆ ಜಮಖಂಡಿಯ ಹಾಯಸ್ಕೂಲು ಎಂದರೆ ಹೊರ ಜಗತ್ತಿನ ಹೆಬ್ಬಾಗಿಲು. ಸಾವಳಗಿಯೆಂಬ ಹಳ್ಳಿಯಲ್ಲಿ ಸಾಮಾನ್ಯ ವ್ಯಾಪಾರಿಯ ಮಗನಾಗಿ ಹುಟ್ಟಿದ ಬಸಪ್ಪ ದಾನಪ್ಪ ಜತ್ತಿಯವರು ಈ ಹೆಬ್ಬಾಗಿಲನ್ನು ದಾಟಿ ಹೋದವರು. ಮುಂದೆ ಕೊಲ್ಲಾಪುರದಲ್ಲಿ ಪದವಿಯನ್ನೂ ಕಾಯಿದೆಯ ವಿದ್ಯೆಯನ್ನೂ ಪಡೆದು, ಜಮಖಂಡಿಯ ನಗರಸಭೆಯಲ್ಲಿ ಸಾರ್ವಜನಿಕ ಜೀವನವನ್ನು ಆರಂಭಿಸಿದರು. 1958ರಿಂದ 1962ರವರೆಗೆ ಮೈಸೂರು ರಾಜ್ಯದ ಮುಖ್ಯಮಂತ್ರಿಗಳಾದರು. 1974ರಲ್ಲಿ ಭಾರತದ ಉಪರಾಷ್ಟ್ರಪತಿಗಳಾದರು. 1977ರಲ್ಲಿ ರಾಷ್ಟ್ರಪತಿ ಫಕ್ರುದ್ದೀನ್ ಅಲಿ ಅಹಮದರು ತೀರಿಕೊಂಡಾಗ ಫೆಬ್ರುವರಿಯಿಂದ ಜುಲೈವರೆಗೆ ಹಂಗಾಮಿ ರಾಷ್ಟ್ರಪತಿಗಳಾಗಿ ಕಾರ್ಯ ನಿರ್ವಹಿಸಿದರು. ಅವರಿಗಿಂತ ಒಂದು ತಲೆಮಾರು ಹಿಂದೆ, 1886ರಲ್ಲಿ ಜಮಖಂಡಿಯಲ್ಲಿ ಹುಟ್ಟಿ ಅಲ್ಲಿಯೇ ಶಾಲೆ ಕಲಿತ ರಾಮಚಂದ್ರ ದತ್ತಾತ್ರೇಯ ರಾನಡೆಯವರು ಉಪನಿಷತ್ತುಗಳ ಮೇಲೆ ಗ್ರಂಥ ಬರೆದು ವಿಖ್ಯಾತರಾದರು. ಅಲಹಾಬಾದ್ ವಿಶ್ವವಿದ್ಯಾಲಯದ ಕುಲಪತಿಗಳ ಪೀಠವನ್ನು ಅಲಂಕರಿಸಿದರು. ನಿವೃತ್ತರಾದ ಮೇಲೆ ವಿಜಾಪುರ ಜಿಲ್ಲೆಯ ನಿಂಬಾಳದಲ್ಲಿ ನೆಲಸಿ 1957ರಲ್ಲಿ ಅಲ್ಲಿಯೇ ದೇಹ ಬಿಟ್ಟರು.

ಇಂಥ ಹಿರಿಯರ ಹೆಸರುಗಳನ್ನು ಗೋಡೆಯ ಮೇಲೆ ಬರೆದು ಹೆಮ್ಮೆಪಡುವುದು ಯೋಗ್ಯವೇ. ಆದರೆ ಶಾಲೆಯ ಹಿರಿಮೆಯನ್ನು ಇಷ್ಟಕ್ಕೇ ನಿಲ್ಲಿಸಿದರೆ ನಾವು ತಪ್ಪು ಲೆಕ್ಕ ಹಾಕಿದಂತಾಗುತ್ತದೆ. ಪ್ರತಿಯೊಂದು ಶಾಲೆಯಲ್ಲಿಯೂ ಕಪಾಟಿನೊಳಗೆ ಒಂದು ದಪ್ಪ ಪುಸ್ತಕವಿರುತ್ತದೆ. ಅದನ್ನು ಜನರಲ್ ರಜಿಸ್ಟರ್ ಎನ್ನುತ್ತಾರೆ. ವಿದ್ಯಾರ್ಥಿಯ ಹೆಸರು, ಹುಟ್ಟಿದ ದಿನ, ತಂದೆಯ ಕಸುಬು, ಸೇರಿದ ದಿನ, ಬಿಟ್ಟ ದಿನ ಇವುಗಳ ಜೊತೆಗೆ ಅದರಲ್ಲಿ ‘ಶಾಲೆ ಬಿಟ್ಟ ಕಾರಣ’ ಎಂಬ ಒಂದು ಅಂಕಣವಿರುತ್ತದೆ. ನನ್ನ ಅಧ್ಯಾಪಕ ವೃತ್ತಿಯಲ್ಲಿ ನಾನು ಅತ್ಯಂತ ಎಚ್ಚರಿಕೆಯಿಂದ ಓದಿದ ಗ್ರಂಥ ಯಾವುದೆಂದು ಕೇಳಿದರೆ ಈ ಅಂಕಣವನ್ನೇ ತೋರಿಸುತ್ತೇನೆ. ಅಲ್ಲಿ ‘ಬಡತನ’ ಎಂದಿರುತ್ತದೆ, ‘ಸತತ ಗೈರುಹಾಜರಿ’ ಎಂದಿರುತ್ತದೆ, ‘ಮನೆಗೆಲಸ’ ಎಂದಿರುತ್ತದೆ. ಒಂದೊಂದು ಪದದ ಹಿಂದೆಯೂ ಒಬ್ಬ ಬಾಲಕನ ಬಾಳು ಇದೆ. ರಬಕವಿ-ಬನಹಟ್ಟಿಗಳ ನೇಕಾರರ ಮನೆಯ ಹುಡುಗನು ಮಗ್ಗದ ಪಕ್ಕದಲ್ಲಿ ಕುಳಿತು ಕಂಡಿಕೆ ಸುತ್ತಬೇಕಾಗಿತ್ತು. ಕೃಷ್ಣಾ, ಘಟಪ್ರಭೆಗಳ ದಂಡೆಯ ಹಳ್ಳಿಗಳಲ್ಲಿ ಕಬ್ಬಿನ ಹಂಗಾಮು ಬಂದರೆ ಹಾಜರಿ ಪುಸ್ತಕದಲ್ಲಿ ಗೈರುಹಾಜರಿಯ ಗುರುತುಗಳು ಸಾಲುಗಟ್ಟುತ್ತಿದ್ದವು. ಹಿಂದೆ ಬಿನ್ನೆತ್ತೆಯಲ್ಲಿ ಒಟ್ಟಿಗೆ ಕುಳಿತ ಹುಡುಗರಲ್ಲಿ ಏಳನೆಯ ಇಯತ್ತೆಯನ್ನು ಮುಟ್ಟಿ ಮುಲ್ಕಿ ಪರೀಕ್ಷೆಗೆ ಕೂಡುವವರು ಕೆಲವರೇ. ಮುಲ್ಕಿ ಪಾಸಾದವನು ಮಾಸ್ತರನಾಗಬಹುದಾಗಿತ್ತು, ತಲಾಠಿಯಾಗಬಹುದಾಗಿತ್ತು. ಉಳಿದವರು ಅಂಕಣದೊಳಗಿನ ಒಂದು ಪದವಾಗಿ ನಿಂತರು. ಶಾಲೆ ತನ್ನ ರಾಷ್ಟ್ರಪತಿಯನ್ನು ನೆನೆಯುವಂತೆಯೇ ತಾನು ಉಳಿಸಿಕೊಳ್ಳಲಾರದೆ ಹೋದ ಈ ಮಕ್ಕಳನ್ನೂ ನೆನೆಯಬೇಕು. ಮೊದಲನೆಯ ನೆನಪಿನಿಂದ ಹೆಮ್ಮೆ ಹುಟ್ಟುತ್ತದೆ, ಎರಡನೆಯದರಿಂದ ಕರ್ತವ್ಯ ಹುಟ್ಟುತ್ತದೆ.

ಬಡ ಹುಡುಗರನ್ನು ಶಾಲೆಯಲ್ಲಿ ಉಳಿಸಿಕೊಳ್ಳಲು ಸಮಾಜವೂ ತನ್ನದೇ ಉಪಾಯಗಳನ್ನು ಹುಡುಕಿತ್ತು. ಪರಸ್ಥಳದಿಂದ ಕಲಿಯಲು ಬಂದ ಹುಡುಗ ಸೋಮವಾರ ಒಂದು ಮನೆಯಲ್ಲಿ, ಮಂಗಳವಾರ ಇನ್ನೊಂದು ಮನೆಯಲ್ಲಿ, ಹೀಗೆ ವಾರಕ್ಕೆ ಏಳು ಮನೆಗಳಲ್ಲಿ ಊಟ ಮಾಡುವುದಕ್ಕೆ ವಾರಾನ್ನ ಎಂದು ಹೆಸರು. ಮಠಗಳು ಪ್ರಸಾದ ನಿಲಯಗಳನ್ನು ತೆರೆದು ಸಾವಿರಾರು ಹುಡುಗರಿಗೆ ಅನ್ನವನ್ನೂ ಆಶ್ರಯವನ್ನೂ ಕೊಟ್ಟವು. ಒಂದು ಊರೇ ಒಬ್ಬ ಹುಡುಗನ ಓದಿನ ಭಾರ ಹೊರುವ ಈ ಪದ್ಧತಿ ನಮ್ಮ ನಾಡಿನ ಶ್ರೇಷ್ಠ ಸಂಪ್ರದಾಯಗಳಲ್ಲಿ ಒಂದು. ಆದರೂ ವಾರಾನ್ನಕ್ಕೂ ಜಾತಿಯ ಮೇರೆ ಇತ್ತು. ತಮ್ಮವರ ಮನೆ ಇಲ್ಲದ ಊರಿನಲ್ಲಿ ಹುಡುಗನಿಗೆ ವಾರವೂ ಸಿಗುತ್ತಿರಲಿಲ್ಲ. 2002ರಲ್ಲಿ ಕರ್ನಾಟಕದಲ್ಲಿ ಆರಂಭವಾದ ಅಕ್ಷರ ದಾಸೋಹ ಈ ಮೇರೆಯನ್ನು ದಾಟಿತು. ಮಧ್ಯಾಹ್ನದ ಹೊತ್ತು ಶಾಲೆಯ ಪಡಸಾಲೆಯಲ್ಲಿ ಎಲ್ಲ ಮಕ್ಕಳೂ ಒಂದೇ ಸಾಲಿನಲ್ಲಿ ಕುಳಿತು ಒಂದೇ ಅಡಿಗೆಯನ್ನು ಉಣ್ಣುವ ದೃಶ್ಯವನ್ನು ನೋಡಿದಾಗ 1856ರ ಧಾರವಾಡದ ಆ ಹುಡುಗನ ಅರ್ಜಿಗೆ ಉತ್ತರ ಬಂದಂತೆ ಭಾಸವಾಗುತ್ತದೆ. ಎಲ್ಲಿಯಾದರೂ ಈ ಸಾಲು ಎರಡಾದರೆ, ಆ ಅರ್ಜಿಯನ್ನು ನಾವು ಮತ್ತೆ ತಿರಸ್ಕರಿಸಿದಂತೆ.

ಮೂರನೆಯ ಬಾಗಿಲು ಹೆಣ್ಣು ಮಕ್ಕಳದು. ಗಂಡು ಮಕ್ಕಳ ಶಾಲೆ ಎಂಬ ಹೆಸರು ಹೇಗೆ ಬಂತೆಂಬುದನ್ನು ತಿಳಿದು ಮಾತನಾಡಬೇಕು. ಮೊದಲು ಸ್ಥಾಪಿತವಾದ ಶಾಲೆಗಳಿಗೆ ಬಂದವರು ಬಹುತೇಕ ಹುಡುಗರೇ. ತರುವಾಯ ದೊಡ್ಡ ಊರುಗಳಲ್ಲಿ ಹೆಣ್ಣು ಮಕ್ಕಳ ಶಾಲೆಗಳನ್ನು ಬೇರೆಯಾಗಿ ತೆರೆದಾಗ ಗುರುತಿಗಾಗಿ ಹಳೆಯದಕ್ಕೆ ಗಂಡು ಮಕ್ಕಳ ಶಾಲೆ ಎಂಬ ಹೆಸರು ಗಟ್ಟಿಯಾಯಿತು. ಬೇರೆ ಶಾಲೆಯೆಂಬುದು ಆ ಕಾಲದಲ್ಲಿ ಗೋಡೆಯಾಗಿರಲಿಲ್ಲ, ಬಾಗಿಲೇ ಆಗಿತ್ತು. ಹುಡುಗರ ನಡುವೆ ಮಗಳನ್ನು ಕೂರಿಸಲೊಪ್ಪದ ತಂದೆತಾಯಿಗಳು ಹೆಣ್ಣು ಮಕ್ಕಳ ಶಾಲೆಗೆ ಕಳಿಸಲು ಒಪ್ಪಿದರು. ಇಂದಿಗೂ ಅಂಥ ಶಾಲೆಯ ಅಗತ್ಯ ಕೆಲವು ಕಡೆಗಳಲ್ಲಿದ್ದರೆ ಅದು ಇರಲಿ. ಸಂವಿಧಾನದ 29ನೆಯ ವಿಧಿ ಶಾಲೆಯ ಪ್ರವೇಶವನ್ನು ಧರ್ಮ, ಜನಾಂಗ, ಜಾತಿ, ಭಾಷೆಗಳ ಕಾರಣದಿಂದ ನಿರಾಕರಿಸಬಾರದೆಂದು ಹೇಳುವಾಗ ಗಂಡು ಹೆಣ್ಣೆಂಬ ಭೇದವನ್ನು ಆ ಪಟ್ಟಿಯಲ್ಲಿ ಹೇಳಿಲ್ಲ. ಆದುದರಿಂದ ಬೇರೆ ಬೇರೆ ಶಾಲೆಗಳನ್ನು ನಡೆಸುವುದಕ್ಕೆ ಅಡ್ಡಿಯಿಲ್ಲ. ಆದರೆ ಹೆಣ್ಣು ಮಕ್ಕಳ ಶಾಲೆಯೇ ಇಲ್ಲದ ಹಳ್ಳಿಯಲ್ಲಿ ಹುಡುಗಿ ಎಲ್ಲಿಗೆ ಹೋಗಬೇಕು? ಅಲ್ಲಿ ಹಲಗೆಯ ಹೆಸರನ್ನು ಲೆಕ್ಕಿಸದೆ ಹುಡುಗರ ಶಾಲೆಯೇ ಆಕೆಯನ್ನೂ ಒಳಗೆ ಕರೆದುಕೊಂಡಿತು. ಕಾಗದದ ಮೇಲೆ ನಿಯಮ ಬರುವ ಮೊದಲೇ ಕಾಳಜಿಯುಳ್ಳ ಮಾಸ್ತರನೊಬ್ಬ ಪಾಲಕರ ಮನೆಗೆ ಹೋಗಿ, ಮಗಳನ್ನು ಕಳಿಸಿರೆಂದು ಬೇಡಿ ಕರೆತಂದ ನಿದರ್ಶನಗಳು ನಮ್ಮ ಹಳ್ಳಿಗಳಲ್ಲಿ ಬೇಕಾದಷ್ಟಿವೆ. 2009ರಲ್ಲಿ ಸಂಸತ್ತು ಅಂಗೀಕರಿಸಿ 2010ರಲ್ಲಿ ಜಾರಿಗೆ ಬಂದ ಶಿಕ್ಷಣ ಹಕ್ಕಿನ ಕಾಯಿದೆ ಆರರಿಂದ ಹದಿನಾಲ್ಕು ವರ್ಷದ ಪ್ರತಿಯೊಂದು ಮಗುವಿಗೂ ಶಾಲೆಯನ್ನು ಹಕ್ಕನ್ನಾಗಿ ಮಾಡಿತು.

ನೆರೆಯ ವಿಜಯಪುರದಲ್ಲಿರುವ ಸೈನಿಕ ಶಾಲೆಯ ನಿದರ್ಶನವನ್ನೂ ಇಲ್ಲಿ ನೆನೆಯಬಹುದು. 1963ರಲ್ಲಿ ಆರಂಭವಾದ ಆ ಶಾಲೆ ಸುಮಾರು ಆರು ದಶಕಗಳ ಕಾಲ ಹುಡುಗರ ಶಾಲೆಯಾಗಿಯೇ ನಡೆಯಿತು. ಅಲ್ಲಿಯ ವಸತಿಗೃಹಗಳಿಗೆ ಕನ್ನಡ ನಾಡಿನ ರಾಜಮನೆತನಗಳ ಹೆಸರುಗಳಿವೆ. ಬೆಳಗಿನ ಕವಾಯತು, ಆಟೋಟ, ಶಿಸ್ತಿನ ದಿನಚರಿ ಇವು ಅಲ್ಲಿಯ ಸಂಪ್ರದಾಯಗಳು. 2021ರಲ್ಲಿ ದೇಶದ ಎಲ್ಲ ಸೈನಿಕ ಶಾಲೆಗಳ ಬಾಗಿಲುಗಳನ್ನು ಬಾಲಕಿಯರಿಗೂ ತೆರೆಯುವ ನಿರ್ಧಾರ ಪ್ರಕಟವಾಯಿತು. ಇದರಿಂದ ಸಂಪ್ರದಾಯ ಕೆಡಲಿಲ್ಲ. ಅದೇ ಮೈದಾನದಲ್ಲಿ ಅದೇ ಕವಾಯತು ನಡೆಯುತ್ತಿದೆ, ಹೆಜ್ಜೆ ಹಾಕುವವರ ಸಾಲು ಮಾತ್ರ ಉದ್ದವಾಗಿದೆ.

ಹೀಗೆ ಹೇಳಿದಾಗ ಕೆಲವರು ಎರಡು ಆಕ್ಷೇಪಗಳನ್ನು ಎತ್ತುತ್ತಾರೆ. ಹಳೆಯ ಹೆಸರೂ ಇತಿಹಾಸವೇ ಅಲ್ಲವೆ, ಅದನ್ನೇಕೆ ಅಳಿಸಬೇಕು ಎಂಬುದು ಮೊದಲನೆಯದು. ಇದರಲ್ಲಿ ಸತ್ಯಾಂಶವಿಲ್ಲದೆ ಇಲ್ಲ. ಹಳೆಯದೆಲ್ಲವನ್ನೂ ಕಿತ್ತೆಸೆಯುವ ಆತುರ ಒಳ್ಳೆಯದಲ್ಲ. ಆದರೆ ಇತಿಹಾಸವನ್ನು ಇಡುವ ಸ್ಥಳ ಬೇರೆ, ಬಾಗಿಲ ಮೇಲೆ ಸ್ವಾಗತ ಬರೆಯುವ ಸ್ಥಳ ಬೇರೆ. ದಿನಾಲು ಶಾಲೆಗೆ ಬರುವ ಒಬ್ಬ ಹುಡುಗಿ ಅಕ್ಷರ ಕಲಿತೊಡನೆ ತಲೆಯೆತ್ತಿ ಓದುವ ಮೊದಲ ಸಾಲಿನಲ್ಲಿ ಆ ಶಾಲೆ ತನ್ನದಲ್ಲವೆಂದು ಬರೆದಿದ್ದರೆ ಅದು ಸರಿಯೆ? ಹೆಣ್ಣು ಮಕ್ಕಳು ಕಲಿಯುತ್ತಿರುವ ಶಾಲೆಯ ಬಾಗಿಲಿಗೆ ಎಲ್ಲ ಮಕ್ಕಳನ್ನೂ ಒಳಗೊಳ್ಳುವ ಹೆಸರು ಬರಲಿ. ಹಳೆಯ ಹಲಗೆಯನ್ನು ಒರೆಸಿ ಶುಚಿಮಾಡಿ, ಸ್ಥಾಪನೆಯ ವರ್ಷವನ್ನು ಬರೆದು, ಶಾಲೆಯೊಳಗೆ ಹಳೆಯ ರಜಿಸ್ಟರುಗಳ ಪಕ್ಕದಲ್ಲಿ ಗೌರವದಿಂದ ಇಡಲಿ. ಆಗ ಇತಿಹಾಸಕ್ಕೂ ನ್ಯಾಯ, ಹುಡುಗಿಗೂ ನ್ಯಾಯ.

ಹುಡುಗರ ಶಾಲೆಯ ವಿಶಿಷ್ಟ ಸಂಪ್ರದಾಯಗಳು ಇದರಿಂದ ಮಾಯವಾಗುವುದಿಲ್ಲವೆ ಎಂಬುದು ಎರಡನೆಯ ಆಕ್ಷೇಪ. ಈ ಸಂಪ್ರದಾಯಗಳು ಯಾವುವು? ಸ್ವಾತಂತ್ರ್ಯ ದಿನದ ಪ್ರಭಾತ ಫೇರಿ, ಲೇಜೀಮಿನ ಕುಣಿತ, ಮಲ್ಲಕಂಬ, ಹುತುತು, ಖೋ ಖೋ, ದಸರೆಯ ಪಾಟಿಪೂಜೆ, ಸರದಿಯ ಮೇಲೆ ತರಗತಿ ಗುಡಿಸಿ ಗಿಡಕ್ಕೆ ನೀರು ಹಾಕುವುದು, ಪ್ರಾರ್ಥನೆಯ ತರುವಾಯ ಒಬ್ಬ ವಿದ್ಯಾರ್ಥಿ ಎದ್ದುನಿಂತು ವಾರ್ತೆ ಓದುವುದು. ಇವುಗಳಲ್ಲಿ ಹುಡುಗಿ ಮಾಡಲಾರದ್ದು ಒಂದಾದರೂ ಇದೆಯೆ? ಇವನ್ನು ಉಳಿಸಿಕೊಳ್ಳಲೇಬೇಕು. ಸಂಪ್ರದಾಯ ಇನ್ನೊಬ್ಬರೊಡನೆ ಹಂಚಿಕೊಂಡರೆ ಕರಗುವ ಗಂಟಲ್ಲ; ದೀಪದಿಂದ ದೀಪ ಹಚ್ಚಿದಂತೆ ಅದು ಹೆಚ್ಚುತ್ತದೆ. ನಿಜವಾಗಿ ಮಾಯವಾಗಬೇಕಾದ ಸಂಪ್ರದಾಯಗಳೂ ಕೆಲವಿವೆ. ಮಗ್ಗಿ ತಪ್ಪಿದವನ ಅಂಗೈಯನ್ನು ಛಡಿಯಿಂದ ಕೆಂಪಗೆ ಮಾಡುವುದು, ದಡ್ಡನೆಂದು ಹೆಸರಿಟ್ಟು ಹಿಂದಿನ ಸಾಲಿಗೆ ತಳ್ಳುವುದು, ಹಿರಿಯ ಹುಡುಗರು ಕಿರಿಯರನ್ನು ಗೋಳುಗುಟ್ಟಿಸುವುದು, ಇವನ್ನು ಗಂಡಸುತನದ ಶಿಕ್ಷಣವೆಂದು ಹೊಗಳುವವರು ಹಿಂದೆಯೂ ಇದ್ದರು, ಇಂದೂ ಇದ್ದಾರೆ. ಮಗುವಿನ ಮನಸ್ಸಿನಲ್ಲಿ ಅಂಜಿಕೆಯನ್ನು ಬಿತ್ತಿ ವಿದ್ಯೆಯನ್ನು ಬೆಳೆಯಲಾಗದು.

ಪರಂಪರೆ ಕಟ್ಟಡದಲ್ಲಿಲ್ಲ ಎಂಬುದನ್ನು ಬೀಳಗಿಯ ಸೀಮೆ ನಮಗೆ ಕಷ್ಟದ ದಾರಿಯಲ್ಲಿ ಕಲಿಸಿದೆ. ಆಲಮಟ್ಟಿಯ ಅಣೆಕಟ್ಟಿನ ಹಿನ್ನೀರಿನಲ್ಲಿ ಈ ತಾಲೂಕಿನ ಅನೇಕ ಹಳ್ಳಿಗಳು ಮುಳುಗಡೆಯಾದವು. ಮನೆ, ಗುಡಿ, ಬಾವಿ, ಹೊಲಗಳ ಜೊತೆಗೆ ಶಾಲೆಗಳೂ ನೀರಿನ ಪಾಲಾದವು. ಜನರು ಪುನರ್ವಸತಿ ಕೇಂದ್ರಗಳಿಗೆ ಹೋಗಿ ಹೊಸದಾಗಿ ಬಾಳು ಕಟ್ಟಿಕೊಳ್ಳಬೇಕಾಯಿತು. ಹಳೆಯ ಗೋಡೆಗಳು ಬರಲಿಲ್ಲ, ಅಂಗಳದ ಬೇವಿನ ಮರವೂ ಬರಲಿಲ್ಲ. ಬಂದವರು ಮಕ್ಕಳು ಮತ್ತು ಮಾಸ್ತರರು. ಬಂದವು ಹಾಜರಿ ಪುಸ್ತಕಗಳು. ಹೊಸ ಬಯಲಿನಲ್ಲಿ ಗಂಟೆ ಬಾರಿಸಿದೊಡನೆ ಅದು ಅದೇ ಶಾಲೆಯಾಯಿತು. ಕಲ್ಲು ಹಂಚುಗಳಿಲ್ಲದೆಯೂ ಶಾಲೆ ಶಾಲೆಯಾಗಿ ಉಳಿಯಬಲ್ಲದು. ಕಲಿಯುವ ಮಗು ಇಲ್ಲದಿದ್ದರೆ ಎಂಥ ಶತಮಾನದ ಕಟ್ಟಡವೂ ಕೇವಲ ಕಟ್ಟಡ.

ಈ ಕೊನೆಯ ಮಾತು ಇಂದು ನಮ್ಮನ್ನು ಎಚ್ಚರಿಸಬೇಕಾಗಿದೆ. ಬಾಗಿಲುಗಳೆಲ್ಲ ತೆರೆದ ಈ ಹೊತ್ತಿನಲ್ಲಿ, ಒಳಗೆ ಬರುವವರೇ ಕಡಿಮೆಯಾಗುತ್ತಿರುವ ಸರಕಾರಿ ಶಾಲೆಗಳು ಅನೇಕವಾಗಿವೆ. ಅನುಕೂಲವುಳ್ಳವರು ಮಕ್ಕಳನ್ನು ಬೇರೆಡೆಗೆ ಕಳಿಸುತ್ತಾರೆ. ಉಳಿದವರು ಬೇರೆ ಗತಿಯಿಲ್ಲದವರು ಎಂಬ ಭಾವನೆ ಬೆಳೆಯುತ್ತಿದೆ. ಪಾಲಕರನ್ನು ದೂಷಿಸಿ ಫಲವಿಲ್ಲ. ತಮ್ಮ ಮಗುವಿಗೆ ಒಳ್ಳೆಯದನ್ನು ಬಯಸುವುದು ತಂದೆತಾಯಿಗಳ ಸ್ವಭಾವ. ಸಾಕಷ್ಟು ಶಿಕ್ಷಕರು, ಒಳ್ಳೆಯ ಗ್ರಂಥಾಲಯ, ಶುಚಿಯಾದ ನೀರು ಮತ್ತು ಶೌಚಾಲಯ ಇವುಗಳನ್ನು ಒದಗಿಸಿ ಅವರ ವಿಶ್ವಾಸವನ್ನು ಮರಳಿ ಗಳಿಸುವುದು ಸರಕಾರದ ಹೊಣೆ. ಕಲಿತು ದೊಡ್ಡವರಾದ ಹಳೆಯ ವಿದ್ಯಾರ್ಥಿಗಳು ಶತಮಾನೋತ್ಸವದ ದಿನ ಹಾರ ಹಾಕಿಸಿಕೊಂಡು ಹೋಗುವುದರ ಬದಲು ಶಾಲೆಗೆ ಒಂದು ಕಪಾಟು ಪುಸ್ತಕ ಕೊಟ್ಟರೆ ಅದು ಹೆಚ್ಚಿನ ಗೌರವ. ಶಾನುಭೋಗರ ಮಗ, ಶೆಟ್ಟರ ಮಗ, ನೇಕಾರರ ಮಗ, ಕೂಲಿಯವನ ಮಗ ಒಂದೇ ಚಾಪೆಯ ಮೇಲೆ ಕುಳಿತು ಕಲಿತುದೇ ಹಳೆಯ ಕನ್ನಡ ಶಾಲೆಯ ದೊಡ್ಡ ಸಾಧನೆ. ಆ ಚಾಪೆ ಮಡಚಿಹೋದರೆ ಅದನ್ನು ಹಾಸುವ ಮತ್ತೊಂದು ಸ್ಥಳ ನಮ್ಮ ಊರುಗಳಲ್ಲಿ ಇಲ್ಲ.

ವಿದ್ಯಾರ್ಥಿಗಳೇ, ನೀವು ಕುಳಿತಿರುವ ತರಗತಿ ಯಾವುದೇ ಇರಲಿ, ಅದು ತಾನಾಗಿ ನಿಮಗೆ ದೊರೆತುದಲ್ಲ. ನಿಮ್ಮ ನುಡಿಗಾಗಿ ಒಬ್ಬರು ದುಡಿದಿದ್ದಾರೆ, ನಿಮ್ಮ ಸಮಾನತೆಗಾಗಿ ಒಬ್ಬ ಹುಡುಗ ಅರ್ಜಿ ಹಿಡಿದು ಅಲೆದಿದ್ದಾನೆ, ನಿಮ್ಮ ಅಕ್ಕತಂಗಿಯರಿಗಾಗಿ ಯಾವನೋ ಮಾಸ್ತರ ಮನೆಮನೆಯ ಬಾಗಿಲು ಬಡಿದಿದ್ದಾನೆ. ಅವರ ಋಣವನ್ನು ತೀರಿಸುವ ದಾರಿ ಒಂದೇ. ನಿಮ್ಮ ತರಗತಿಯಲ್ಲಿ ಹಲವು ದಿನಗಳಿಂದ ಖಾಲಿ ಉಳಿದ ಜಾಗವೊಂದಿದ್ದರೆ, ಆ ಜಾಗದ ಗೆಳೆಯನೋ ಗೆಳತಿಯೋ ಎಲ್ಲಿದ್ದಾರೆಂದು ವಿಚಾರಿಸಿರಿ. ಮಗ್ಗದ ಬಳಿಯಲ್ಲಿದ್ದರೆ, ಕಬ್ಬಿನ ಗದ್ದೆಯಲ್ಲಿದ್ದರೆ, ನಿಮ್ಮ ಗುರುಗಳಿಗೆ ತಿಳಿಸಿರಿ. ‘ಶಾಲೆ ಬಿಟ್ಟ ಕಾರಣ’ ಎಂಬ ಅಂಕಣದಲ್ಲಿ ಇನ್ನು ಮುಂದೆ ‘ಕಲಿತು ಮುಗಿಸಿ ಹೊರಟರು’ ಎಂಬ ಒಂದೇ ಕಾರಣ ಬರೆಯುವಂತಾಗಲಿ.